ಅಪ್ಪನ ಅಯೋರ್ಟಾ 4.2 ಸೆಂ.ಮೀ. ಇದೆಯಂತೆ, ಗುಳಿಗೆಯಿಂದ ಇಳಿಯಲ್ವಾ?

ಇಳಕಲ್ ಮಗ
ಅಪ್ಪನಿಗೆ 68. ಕಿಡ್ನಿ ಕಲ್ಲು ಅಂತ ಬಾಗಲಕೋಟೆಯಲ್ಲಿ ಸ್ಕ್ಯಾನ್ ಮಾಡಿಸಿದೆವು. ಕಲ್ಲು ಸಣ್ಣದು, ಆದರೆ ಹೊಟ್ಟೆಯೊಳಗಿನ ಅಯೋರ್ಟಾ (ಹೃದಯದಿಂದ ಬರುವ ದೊಡ್ಡ ರಕ್ತನಾಳ) 4.2 ಸೆಂ.ಮೀ. ಅಗಲ ಆಗಿದೆ, ಅನ್ಯೂರಿಸಂ, ಅಂದರೆ ನಾಳ ಉಬ್ಬಿದೆ ಅಂತ ರಿಪೋರ್ಟ್ ಬಂತು. ನೋವಿಲ್ಲ, ಏನಿಲ್ಲ, ದಿನಾ ಹೊಲಕ್ಕೆ ಹೋಗುತ್ತಾರೆ. ಡಾಕ್ಟರು ಬೀಡಿ ಬಿಡಿ, ಬಿಪಿ ನೋಡಿಕೊಳ್ಳಿ, ವರ್ಷ ಬಿಟ್ಟು ಮತ್ತೆ ಸ್ಕ್ಯಾನ್ ಮಾಡಿಸಿ ಅಂದರು, ಅಷ್ಟೇ. ಉಬ್ಬಿದೆ ಅಂದಮೇಲೆ ಇಳಿಸೋಕೆ ಔಷಧ ಇರಬೇಕಲ್ವಾ? ಒಳಗೆ ನಿಜವಾಗಿ ಏನಾಗಿರುತ್ತೆ?

ಪ್ಯಾಥಾಲಜಿ ಪಿಜಿ, ಬೆಳಗಾವಿ
ಇದು ಇಳಿಯುವ ಬಾವು ಅಲ್ಲ ರೀ. ರಕ್ತನಾಳದ ಗೋಡೆಯೇ ಬದಲಾಗಿರುತ್ತದೆ. ಗೋಡೆಗೆ ಮೂರು ಪದರ. ನಡುವಿನ ಪದರದಲ್ಲಿ ಎಲಾಸ್ಟಿನ್ ಅನ್ನೋ ರಬ್ಬರಿನಂಥ ಪ್ರೋಟೀನ್‌ನ ಹಾಳೆಗಳು, ಅವುಗಳ ನಡುವೆ ಸ್ನಾಯು ಜೀವಕೋಶಗಳು. ಪ್ರತಿ ಬಡಿತಕ್ಕೂ ನಾಳ ಹಿಗ್ಗಿ ವಾಪಸ್ ಬರೋದು ಮುಖ್ಯವಾಗಿ ಈ ಎಲಾಸ್ಟಿನ್‌ನಿಂದ. ಎಲಾಸ್ಟಿನ್‌ಗೆ ಕಪ್ಪು ಬಣ್ಣ ಹಿಡಿಸಿ ಸ್ಲೈಡ್ ನೋಡಿದರೆ ಚೆನ್ನಾಗಿರುವ ಅಯೋರ್ಟಾದಲ್ಲಿ ಕಪ್ಪು ಗೆರೆಗಳು ಅಲೆಅಲೆಯಾಗಿ ಒತ್ತೊತ್ತಾಗಿ ಕಾಣುತ್ತವೆ, ಅನ್ಯೂರಿಸಂನಲ್ಲಿ ಮಾತ್ರ ಚೂರುಚೂರು, ಕೆಲವು ಕಡೆ ಗೆರೆಯೇ ಇಲ್ಲ. ಸ್ನಾಯು ಜೀವಕೋಶಗಳೂ ಸತ್ತು ಕಡಿಮೆಯಾಗಿರುತ್ತವೆ. ಮ್ಯಾಕ್ರೋಫೇಜ್, ಲಿಂಫೋಸೈಟ್ ಅನ್ನೋ ರೋಗನಿರೋಧಕ ಜೀವಕೋಶಗಳು ಬಂದು ಗುಂಪು ಕಟ್ಟಿರುತ್ತವೆ. ಅಲ್ಲಿ ಎಂಎಂಪಿ-9 ತರಹದ ಕಿಣ್ವಗಳು ಜಾಸ್ತಿಯಾಗಿ ಎಲಾಸ್ಟಿನ್ ತಿನ್ನುತ್ತವೆ. ಆಮೇಲೆ ಭಾರವೆಲ್ಲ ಗೋಡೆಯಲ್ಲಿರುವ ಕೊಲಾಜನ್ ಅನ್ನೋ ಗಟ್ಟಿ ನಾರಿನ ಮೇಲೆ. ಅದೂ ಸೋತರೆ ನಾಳ ಒಡೆಯುತ್ತದೆ.

ಎಲಾಸ್ಟಿನ್ ತಯಾರಾಗೋದು ಹೆಚ್ಚಾಗಿ ಹುಟ್ಟುವ ಮೊದಲು ಮತ್ತು ಚಿಕ್ಕ ವಯಸ್ಸಿನಲ್ಲಿ. ದೊಡ್ಡವರಲ್ಲಿ ಹಾಳಾದದ್ದು ಸರಿಯಾಗಿ ಮತ್ತೆ ಕಟ್ಟಿಕೊಳ್ಳೋದಿಲ್ಲ. ಹಳೇ ಪೈಜಾಮದ ಇಲಾಸ್ಟಿಕ್ ಒಮ್ಮೆ ಸಡಿಲಾದರೆ ಮುಗೀತಲ್ವಾ, ಹಾಗೆ. ಆ ಕಿಣ್ವಗಳನ್ನು ತಡೆಯುತ್ತದೆ ಅಂತ ಡಾಕ್ಸಿಸೈಕ್ಲಿನ್ ಅನ್ನೋ ಆಂಟಿಬಯೋಟಿಕ್ ಕೊಟ್ಟು ನೋಡಿದರು. ಸಣ್ಣ ಅನ್ಯೂರಿಸಂ ಇದ್ದವರ ಮೇಲೆ ನಡೆದ ಆ ಪರೀಕ್ಷೆಯ ಫಲಿತಾಂಶ 2020ರಲ್ಲಿ ಬಂತು, ಬೆಳವಣಿಗೆ ಏನೂ ತಗ್ಗಲಿಲ್ಲ.

ಗೋಳಗುಮ್ಮಟ ಪಕ್ಕದವ
ಅರ್ಜುನ ತೊಗಟೆ ಕಷಾಯ ಕೊಡಿ ಅಣ್ಣಾ, ಹೃದಯಕ್ಕೆ ಒಳ್ಳೇದು ಅಂತಾರೆ.

ಪ್ಯಾಥಾಲಜಿ ಪಿಜಿ, ಬೆಳಗಾವಿ
ಹರಿದ ಎಲಾಸ್ಟಿನ್ ಕಷಾಯದಿಂದ ಕೂಡಲ್ಲ. ಅದನ್ನು ನಂಬಿಕೊಂಡು ಸ್ಕ್ಯಾನ್ ತಪ್ಪಿಸಿದರೆ ಕಷ್ಟ. ಬೀಡಿ ಬಿಡೋದು ಸುಮ್ನೆ ಹೇಳುವ ಮಾತಲ್ಲ, ಹೊಟ್ಟೆಯ ಅನ್ಯೂರಿಸಂಗೆ ತಂಬಾಕಿನ ಹೊಗೆಯಷ್ಟು ದೊಡ್ಡ ಕಾರಣ ಇನ್ನೊಂದಿಲ್ಲ, ಬಿಡದಿದ್ದರೆ ಬೇಗ ಬೆಳೆಯುತ್ತದೆ.

ಇಳಕಲ್ ಮಗ
ಹಾಗಾದರೆ ಆಪರೇಷನ್ ಈಗಲೇ ಯಾಕೆ ಬೇಡ? ನಮ್ಮ ಕಾಕಾಗೂ ಹಿಂಗೇ ಇರಬಹುದಾ?

ವಿಜಯಪುರ ಸ್ಟಾಫ್ ನರ್ಸ್
ನಾಳ ಅಗಲವಾದಷ್ಟೂ ಗೋಡೆಯ ಮೇಲಿನ ಎಳೆತ ಜಾಸ್ತಿ. ಗಂಡಸರಿಗೆ ಸಾಮಾನ್ಯವಾಗಿ 5.5 ಸೆಂ.ಮೀ. ಮುಟ್ಟಿದಾಗ, ಇಲ್ಲವೇ ಬೇಗ ಬೇಗ ಬೆಳೆದಾಗ ಆಪರೇಷನ್ ಮಾತು ಬರುತ್ತದೆ. ಅದಕ್ಕಿಂತ ಚಿಕ್ಕದಿದ್ದಾಗ ಆಪರೇಷನ್ ಮಾಡಿದ್ದರಿಂದ ಆಯುಸ್ಸು ಹೆಚ್ಚಿಲ್ಲ. ಕಾಕಾ ಅವರಿಗೂ ಒಂದು ಸ್ಕ್ಯಾನ್ ಮಾಡಿಸಿ, ಒಡಹುಟ್ಟಿದವರಲ್ಲಿ ಬರುವ ಸಾಧ್ಯತೆ ಜಾಸ್ತಿ.

ಇನ್ನೊಂದು, ನಿಮ್ಮ ಅಪ್ಪನಿಗೆ ಕಲ್ಲೂ ಇದೆ ಅಂದಿರಿ. ಅನ್ಯೂರಿಸಂ ಒಡೆದಾಗಲೂ ಕಲ್ಲಿನ ನೋವಿನ ಹಾಗೇ ಪಕ್ಕೆ, ಬೆನ್ನು ನೋಯುತ್ತದೆ. ಒಮ್ಮೆಗೇ ಜೋರಾಗಿ ನೋವು ಬಂದರೆ, ತಲೆ ಸುತ್ತಿ ಬೆವರಿದರೆ, ಇಂಜೆಕ್ಷನ್ ಹಾಕಿಸಿಕೊಂಡು ಮನೆಗೆ ಬರಬೇಡಿ. ದೊಡ್ಡ ಆಸ್ಪತ್ರೆಗೆ ಓಡಿ, ಬಾಗಿಲಲ್ಲೇ ಈ ರಿಪೋರ್ಟ್ ತೋರಿಸಿ.