ಸಂಗೀತೋತ್ಸವಕ್ಕೆ ಹೋಗೋಕೆ ರಜೆ ಹೇಗೆ ಕೇಳಿದಿರಿ? ಅನುಭವ ಹೇಳಿ

ಪ್ರಶ್ನೆ

ಕೆಲಸಕ್ಕೆ ಸೇರಿ ಏಳು ತಿಂಗಳಾಯಿತು. ನಾಲ್ಕು ದಿನದ ಒಂದು ಸಂಗೀತೋತ್ಸವಕ್ಕೆ ಹೋಗಬೇಕು ಅಂತ ಎಷ್ಟೋ ವರ್ಷದ ಆಸೆ. ಈ ಸಲ ಟಿಕೆಟ್ ಸಿಕ್ಕಿದೆ. ಗುರುವಾರದಿಂದ ಭಾನುವಾರದವರೆಗೆ ಇದೆ. ಪ್ರಯಾಣಕ್ಕೆ ಬುಧವಾರ ಮತ್ತು ಸೋಮವಾರ ಬೇಕು. ಲೆಕ್ಕ ಹಾಕಿದರೆ ನಾಲ್ಕು ದಿನ ರಜೆ. ಇನ್ನೂ ಹತ್ತು ವಾರ ಇದೆ.

ನಮ್ಮ ಮ್ಯಾನೇಜರ್ ಕೆಟ್ಟವರಲ್ಲ. ಆದರೆ ಮದುವೆ, ಕಾಯಿಲೆ ಅಂದರೆ ಬಾಯಿ ಬಿಟ್ಟು ಕೇಳಬಹುದು. ಹಾಡು ಕೇಳೋಕೆ ಹೋಗುತ್ತೇನೆ ಅಂತ ಹೇಗೆ ಹೇಳುವುದು? ಮನೆಯಲ್ಲಿ ಮದುವೆ ಇದೆ ಅಂದುಬಿಡಲಾ ಅಂತಲೂ ಅನಿಸಿದೆ. ಹೀಗೆ ರಜೆ ಹಾಕಿ ಹೋಗಿ ಬಂದವರು ಇದ್ದರೆ ದಯವಿಟ್ಟು ಹೇಳಿ.

ಲೆಕ್ಕಪತ್ರ ವಿಭಾಗದಲ್ಲಿರುವವರು

ನಾನು ಹನ್ನೆರಡು ವರ್ಷದಿಂದ ಪ್ರತಿ ವರ್ಷ ಒಂದಾದರೂ ಉತ್ಸವಕ್ಕೆ ಹೋಗುತ್ತಿದ್ದೇನೆ. ಮೊದಲನೇ ವರ್ಷ ಮಾತ್ರ ಹೋಗಲಿಲ್ಲ. ಆ ಕಥೆ ಮೊದಲು ಹೇಳುತ್ತೇನೆ.

ಹೊರಡಲು ಹತ್ತು ದಿನ ಇರುವಾಗ ಕೇಳಿದೆ. ಅದೂ ಆಡಿಟ್ ನಡೆಯುವ ವಾರಕ್ಕೇ. ಮೇಲಿನವರು ತಲೆ ಎತ್ತಿ ಕೂಡ ನೋಡಲಿಲ್ಲ, 'ಆಗಲ್ಲ' ಅಂದರು. ಟಿಕೆಟ್ ಗೆಳೆಯನಿಗೆ ಕೊಟ್ಟೆ. ತುಂಬಾ ದಿನ ಸಿಟ್ಟಿತ್ತು. ಸಂಗೀತದ ಬೆಲೆ ಇವರಿಗೇನು ಗೊತ್ತು ಅಂತ. ಆಮೇಲೆ ಯೋಚಿಸಿದರೆ, ನಾನು ಆ ವಾರ ತೀರ್ಥಯಾತ್ರೆಗೆ ಹೋಗುತ್ತೇನೆ ಅಂದಿದ್ದರೂ ಅವರು ಇಲ್ಲ ಅನ್ನುತ್ತಿದ್ದರು. ಅವರ ಕಣ್ಣಿಗೆ ಬಿದ್ದಿದ್ದು ಆಡಿಟ್. ಸಂಗೀತ ಅಲ್ಲವೇ ಅಲ್ಲ.

ಮುಂದಿನ ವರ್ಷ ಮೂರು ತಿಂಗಳು ಮೊದಲೇ ಕೇಳಿದೆ. ಮೊದಲು ಎದುರು ಕೂತು ಮಾತಾಡಿದೆ, ಅದೇ ದಿನ ಸಂಜೆ ಮೇಲ್ ಹಾಕಿದೆ. ಈಗಲೂ ಹೆಚ್ಚುಕಡಿಮೆ ಹೀಗೇ ಬರೆಯುತ್ತೇನೆ:

'ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ನಾಲ್ಕು ದಿನ ರಜೆ ಬೇಕಿದೆ. ಬಹಳ ದಿನದಿಂದ ಕಾಯುತ್ತಿದ್ದ ಒಂದು ಸಂಗೀತೋತ್ಸವಕ್ಕೆ ಹೋಗುತ್ತಿದ್ದೇನೆ. ಆ ವಾರ ನನ್ನ ಕೈಯಲ್ಲಿರುವ ಕೆಲಸ ಎರಡು. ಮೊದಲನೆಯದನ್ನು ಹಿಂದಿನ ವಾರವೇ ಮುಗಿಸುತ್ತೇನೆ. ಎರಡನೆಯದನ್ನು ಪಕ್ಕದ ಸೀಟಿನವರು ನೋಡಿಕೊಳ್ಳಲು ಒಪ್ಪಿದ್ದಾರೆ. ನಿಮ್ಮ ಒಪ್ಪಿಗೆ ಸಿಕ್ಕಿದರೆ ಪ್ರಯಾಣದ ಟಿಕೆಟ್ ಮಾಡಿಸುತ್ತೇನೆ.'

ಇಷ್ಟೇ. ಕ್ಷಮೆ ಕೇಳುವುದಿಲ್ಲ. 'ಸಾಧ್ಯವಾದರೆ', 'ತೊಂದರೆ ಇಲ್ಲದಿದ್ದರೆ' ಅಂತ ನಾಲ್ಕು ಸಲ ಬರೆಯುವುದಿಲ್ಲ. ಹಾಗೆ ಬರೆದಷ್ಟೂ ಎದುರಿನವರಿಗೆ ಇದು ಬಿಟ್ಟರೂ ನಡೆಯುವ ವಿಷಯ ಅನಿಸುತ್ತದೆ. ನಿಮಗೆ ಮುಖ್ಯ ಅಲ್ವಾ? ಹಾಗಾದರೆ ಮುಖ್ಯ ಅಂತಲೇ ಹೇಳಿ.

ಕೊನೆಯ ಸಾಲು ಬಿಡಬೇಡಿ. ಒಪ್ಪಿಗೆಗೆ ಕಾಯುತ್ತಿದ್ದೀರಿ, ಅದಕ್ಕೆ ಒಂದು ಗಡುವಿದೆ ಅಂತ ಅವರಿಗೆ ತಿಳಿಯುತ್ತದೆ. ಎಷ್ಟೋ ಅರ್ಜಿಗಳಿಗೆ ಯಾರೂ ಇಲ್ಲ ಅನ್ನುವುದಿಲ್ಲ, ಸುಮ್ನೆ ಉತ್ತರ ಬರದೆ ಉಳಿಯುತ್ತವೆ, ಅಷ್ಟೇ. ಇನ್ನೊಂದು ವಿಷಯ, ಪಕ್ಕದ ಸೀಟಿನವರನ್ನು ನಿಜವಾಗಿ ಕೇಳಿ ಒಪ್ಪಿಸಿ. ಅವರಿಗೆ ಗೊತ್ತಿಲ್ಲದೆ ಅವರ ಹೆಸರು ಬರೆದರೆ ಮುಂದಿನ ವರ್ಷ ಯಾರೂ ನಿಮಗೆ ಆಗುವುದಿಲ್ಲ.

ಆಸ್ಪತ್ರೆಯಲ್ಲಿ ನರ್ಸ್

ನಮ್ಮದು ರೋಸ್ಟರ್ ಮೇಲೆ ನಡೆಯುವ ಕೆಲಸ. ಮೇಲ್ ಎಷ್ಟು ಚೆನ್ನಾಗಿ ಬರೆದರೂ ವಾರ್ಡ್ ಖಾಲಿ ಬಿಡೋಕಾಗಲ್ಲ. ಆದ್ದರಿಂದ ರೋಸ್ಟರ್ ಹಾಕುವ ಮೊದಲೇ ಹೇಳಬೇಕು. ಒಮ್ಮೆ ಪಟ್ಟಿ ಗೋಡೆಗೆ ಬಂದರೆ ಅದನ್ನು ಬದಲಾಯಿಸಲು ಮೂರು ಜನರನ್ನು ಒಪ್ಪಿಸಬೇಕು.

ನಾನು ಮಾಡುವುದು ಇಷ್ಟು. ಎಲ್ಲರೂ ಮನೆಯಲ್ಲಿರಬೇಕು ಅಂತ ಬಯಸುವ ಹಬ್ಬದ ದಿನಗಳಲ್ಲಿ, ವರ್ಷದ ಕೊನೆಯ ರಾತ್ರಿ, ನಾನು ಡ್ಯೂಟಿ ತೆಗೆದುಕೊಳ್ಳುತ್ತೇನೆ. ಸಂತೋಷದಿಂದಲೇ. ಯಾಕೆಂದರೆ ನನ್ನ ಹಬ್ಬ ಬೇರೆ ತಾರೀಖಿಗೆ ಇದೆ. ಅದು ಬಂದಾಗ ಮೂರು ದಿನ ಬಿಡಿಸಿಕೊಡೋಕೆ ಜನ ಇರುತ್ತಾರೆ. ಹೋದ ಸಲ ಎರಡು ರಾತ್ರಿ ಪಾಳಿ ಹೆಚ್ಚು ಮಾಡಿ ಮೂರು ಹಗಲು ಪಡೆದೆ.

ಬದಲಾವಣೆ ಬಾಯಿಮಾತಲ್ಲಿ ಬಿಡಬೇಡಿ. ಇಬ್ಬರೂ ಸಹಿ ಹಾಕಿ ಇನ್‌ಚಾರ್ಜ್ ಕೈಗೆ ಕೊಡಿ. ಒಮ್ಮೆ ನನ್ನ ಬದಲಿಗೆ ಬರಬೇಕಾದವರು ಮರೆತರು. ನಾನು ವೇದಿಕೆಯ ಮುಂದೆ ನಿಂತಿರುವಾಗ ಫೋನ್ ಬಂತು. ಆಮೇಲಿನ ಒಂದು ಗಂಟೆ ಏನು ಹಾಡಿದರು ಅಂತಲೇ ನೆನಪಿಲ್ಲ.

ಮದುವೆಯ ನೆಪ ಹೇಳಿ ಹೋಗಿ ಬಂದವರು

ನಾನು ಆ ಸುಳ್ಳು ಹೇಳಿದ್ದೇನೆ. ಯಾರಿಗೂ ಸಿಕ್ಕಿಬೀಳಲಿಲ್ಲ. ಆದರೂ ಹೇಳುತ್ತೇನೆ, ಬೇಡ.

ಅಣ್ಣನ ಮದುವೆ ಅಂದಿದ್ದೆ. ಮ್ಯಾನೇಜರ್ ಬಹಳ ಒಳ್ಳೆಯ ಮನುಷ್ಯ. ಖುಷಿಯಿಂದ ಒಂದು ದಿನ ಹೆಚ್ಚೇ ಕೊಟ್ಟರು. ವಾಪಸ್ ಬಂದ ಮೇಲೆ ಮದುವೆ ಹೇಗಾಯಿತು, ಅತ್ತಿಗೆ ಏನು ಕೆಲಸ ಮಾಡುತ್ತಾರೆ, ಫೋಟೋ ತೋರಿಸಿ ಅಂತ ಪ್ರೀತಿಯಿಂದ ಕೇಳಿದರು. ಒಂದೊಂದು ಪ್ರಶ್ನೆಗೂ ಹೊಸ ಸುಳ್ಳು. ನಾಲ್ಕು ದಿನ ಕೇಳಿದ ಸಂಗೀತದ ಬಗ್ಗೆ ಯಾರ ಹತ್ತಿರವೂ ಬಾಯಿ ಬಿಡೋಕಾಗಲಿಲ್ಲ. ಅದು ಎಲ್ಲಕ್ಕಿಂತ ಕಷ್ಟ. ಮೈ ತುಂಬ ಹಾಡು ತುಂಬಿಕೊಂಡು ಬಂದು ಬಾಯಿ ಮುಚ್ಚಿಕೊಂಡು ಕೂರುವುದು.

ಎರಡು ವರ್ಷ ಕಳೆದು ಅಣ್ಣನ ಮದುವೆ ನಿಜವಾಗಿಯೂ ಬಂತು. ಅದೇ ಮ್ಯಾನೇಜರ್. ಕೊನೆಗೆ ಹೋಗಿ ನಿಜ ಹೇಳಿದೆ. ಅವರು ಬೈಯಲಿಲ್ಲ. 'ಆಗಲೇ ಹೇಳಿದ್ದರೆ ಕೊಡುತ್ತಿದ್ದೆನಲ್ಲ' ಅಂದರು. ಇವತ್ತಿಗೂ ಆ ಮಾತು ಚುಚ್ಚುತ್ತದೆ.

ಎಚ್‌ಆರ್ ವಿಭಾಗದಲ್ಲಿರುವವರು

ಸುಳ್ಳು ಬೇಡ ಅನ್ನುವುದನ್ನು ಒಪ್ಪುತ್ತೇನೆ. ಕಾರಣ ಹೇಳಲೇಬೇಕು ಅನ್ನುವುದನ್ನು ಒಪ್ಪುವುದಿಲ್ಲ. ನಿಮ್ಮ ಲೆಕ್ಕದಲ್ಲಿ ಇರುವ ರಜೆ ನಿಮ್ಮದು. 'ಸ್ವಂತ ಕೆಲಸ' ಅಂತ ಬರೆದರೆ ಸಾಕು. ಅದು ಸುಳ್ಳಲ್ಲ. ಸಂಗೀತ ಕೇಳುವುದಕ್ಕಿಂತ ಸ್ವಂತ ಕೆಲಸ ಯಾವುದಿದೆ?

ಆದರೆ ಮೊದಲು ಎರಡು ವಿಷಯ ನೋಡಿ. ಏಳು ತಿಂಗಳು ಅಂದಿರಿ. ಪ್ರೊಬೇಷನ್, ಅಂದರೆ ಕೆಲಸ ಕಾಯಂ ಆಗುವ ಮೊದಲಿನ ಅವಧಿ, ಮುಗಿದಿದೆಯಾ? ನೇಮಕಾತಿ ಪತ್ರದಲ್ಲಿ ಆ ಅವಧಿಯ ರಜೆಗೆ ಬೇರೆ ನಿಯಮ ಇರಬಹುದು. ಎರಡನೆಯದು, ಎಷ್ಟು ದಿನ ಮೊದಲು ಕೇಳಬೇಕು ಅಂತ ಅಲ್ಲೇ ಬರೆದಿರುತ್ತದೆ. ಇದು ದೇಶದಿಂದ ದೇಶಕ್ಕೆ ಬೇರೆ. ಬ್ರಿಟನ್ನಿನಲ್ಲಿ, ಕರಾರಿನಲ್ಲಿ ಬೇರೆ ಹೇಳಿಲ್ಲದಿದ್ದರೆ, ಕೇಳುವ ರಜೆಯ ಎರಡರಷ್ಟು ದಿನ, ಅದರ ಮೇಲೆ ಇನ್ನೊಂದು ದಿನ ಮೊದಲು ತಿಳಿಸಬೇಕು. ನಾಲ್ಕು ದಿನಕ್ಕೆ ಒಂಬತ್ತು ದಿನ. ಯುರೋಪಿಯನ್ ಒಕ್ಕೂಟದ ದೇಶಗಳಲ್ಲಿ ವರ್ಷಕ್ಕೆ ಕನಿಷ್ಠ ನಾಲ್ಕು ವಾರ ಸಂಬಳದ ರಜೆ ಕಾನೂನಿನಲ್ಲೇ ಇದೆ. ಅಮೆರಿಕದಲ್ಲಿ ಇಡೀ ದೇಶಕ್ಕೆ ಅನ್ವಯಿಸುವಂಥ ಸಂಬಳದ ರಜೆಯ ಕಾನೂನು ಇಲ್ಲ, ಕಂಪನಿ ಕೊಟ್ಟಷ್ಟೇ. ರಜೆ ನಿಮ್ಮ ಹಕ್ಕಾದರೂ ಯಾವ ತಾರೀಖು ಅನ್ನುವುದರಲ್ಲಿ ಕೆಲಸ ಕೊಟ್ಟವರ ಮಾತೂ ನಡೆಯುತ್ತದೆ. ಇದನ್ನು ಮರೆತು ಜಗಳಕ್ಕೆ ನಿಲ್ಲಬೇಡಿ.

ಲೆಕ್ಕದಲ್ಲಿ ನಾಲ್ಕು ದಿನ ಇಲ್ಲದಿದ್ದರೆ ಸಂಬಳವಿಲ್ಲದ ರಜೆ ಕೇಳಬಹುದು. ಶನಿವಾರ ಬಂದು ಕೆಲಸ ಮಾಡಿದ್ದರೆ ಕಾಂಪ್ ಆಫ್, ಅಂದರೆ ಅದಕ್ಕೆ ಬದಲಿಯಾಗಿ ಸಿಗುವ ರಜೆ, ಉಳಿದಿದೆಯಾ ನೋಡಿ. ಕಾಯಿಲೆ ರಜೆ ಮುಟ್ಟಬೇಡಿ. ಅದನ್ನು ಹಾಗೆ ಬಳಸಿ ಸಿಕ್ಕಿಬಿದ್ದರೆ ಕೆಲಸಕ್ಕೇ ಕುತ್ತು.

ಹಲವು ಉತ್ಸವಗಳಿಗೆ ಹೋಗಿ ಬಂದವರು

ಎಲ್ಲ ಉತ್ಸವಕ್ಕೂ ಒಂದೇ ತರ ರಜೆ ಬೇಕಾಗಲ್ಲ. ನೀವು ಹೋಗುವುದು ಯಾವ ತರದ್ದು ಅಂತ ನೋಡಿ ಕೇಳಿ.

ಕೆಲವು ವಾರಗಟ್ಟಲೆ ನಡೆಯುತ್ತವೆ. ಚೆನ್ನೈನ ಕರ್ನಾಟಕ ಸಂಗೀತದ ಡಿಸೆಂಬರ್ ಸೀಸನ್ ಡಿಸೆಂಬರ್ ಮಧ್ಯದಿಂದ ಹೊಸ ವರ್ಷದವರೆಗೂ ಇರುತ್ತದೆ. ಬೆಳಗ್ಗೆಯಿಂದ ರಾತ್ರಿವರೆಗೆ ಬೇರೆ ಬೇರೆ ಸಂಗೀತ ಸಭಾಗಳಲ್ಲಿ ಸಂಗೀತ ಕಛೇರಿ. ಆಸ್ಟ್ರಿಯಾದ ಸಾಲ್ಜ್‌ಬರ್ಗ್ ಉತ್ಸವ ಜುಲೈ ಕೊನೆಯಿಂದ ಆಗಸ್ಟ್ ಕೊನೆಯವರೆಗೆ. ಇಂಥವಕ್ಕೆ ನಿಮಗೆ ಅನುಕೂಲದ ಮೂರು ದಿನ ಆರಿಸಿಕೊಳ್ಳಬಹುದು. ಆಫೀಸಿನಲ್ಲಿ 'ಈ ವಾರ ಆಗದಿದ್ದರೆ ಮುಂದಿನ ವಾರ' ಅಂತ ಎರಡು ಆಯ್ಕೆ ಕೊಡಿ. ಒಂದನ್ನು ಆರಿಸಿ ಅಂದಾಗ ಜನ ಎರಡನ್ನೂ ತಳ್ಳುವುದು ಕಡಿಮೆ. ಕ್ಯಾಲಿಫೋರ್ನಿಯಾದ ಕೊಚೆಲ್ಲಾ ಏಪ್ರಿಲ್‌ನಲ್ಲಿ ಎರಡು ವಾರಾಂತ್ಯ ನಡೆಯುತ್ತದೆ, ಎರಡರಲ್ಲೂ ಕಲಾವಿದರು ಹೆಚ್ಚುಕಡಿಮೆ ಅವರೇ.

ಇನ್ನು ಕೆಲವನ್ನು ಅಲುಗಾಡಿಸೋಕಾಗಲ್ಲ. ತಿರುವೈಯಾರಿನ ತ್ಯಾಗರಾಜ ಆರಾಧನೆ ಪುಷ್ಯ ಬಹುಳ ಪಂಚಮಿಗೇ ನಡೆಯಬೇಕು. ನೂರಾರು ಜನ ಒಟ್ಟಿಗೆ ಕೂತು ತ್ಯಾಗರಾಜರ ಐದು ಪಂಚರತ್ನ ಕೃತಿ ಹಾಡುವುದು ಆ ಒಂದು ಬೆಳಗ್ಗೆ. ತಾರೀಖು ಪ್ರತಿ ವರ್ಷ ಸರಿಯುತ್ತದೆ. 2024ರಲ್ಲಿ ಜನವರಿ 30, 2025ರಲ್ಲಿ ಜನವರಿ 18. ಕಳೆದ ವರ್ಷದ ತಾರೀಖು ನೋಡಿ ರಜೆ ಹಾಕಿದರೆ ಕೈತಪ್ಪುತ್ತದೆ. ಪಂಚಾಂಗ ಬಂದ ಕೂಡಲೇ ನೋಡಿ, ಆ ದಿನವೇ ಅರ್ಜಿ ಕೊಡಿ. ಜರ್ಮನಿಯ ಬೈರಾಯ್ಟ್‌ನಲ್ಲಿ ಸಂಗೀತ ಸಂಯೋಜಕ ವ್ಯಾಗ್ನರ್‌ನ 'ರಿಂಗ್' ನೋಡಬೇಕು ಅಂದರೆ ನಾಲ್ಕು ಒಪೆರಾ, ನಡುನಡುವೆ ಬಿಡುವಿನ ದಿನ. ಸುಮಾರು ಒಂದು ವಾರವೇ ಬೇಕು. ಅರ್ಧಕ್ಕೆ ಎದ್ದು ಬಂದರೆ ಹೋಗಿದ್ದೇ ವ್ಯರ್ಥ.

ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವ ಜೂನ್ ಕೊನೆಗೆ. ಅದು ನಡೆಯುವುದು ಹಸು ಮೇಯುವ ಜಮೀನಿನಲ್ಲಿ. ನೆಲಕ್ಕೆ ವಿಶ್ರಾಂತಿ ಅಂತ ಕೆಲವು ವರ್ಷ ಬಿಡುತ್ತಾರೆ, 2018ರಲ್ಲಿ ಬಿಟ್ಟಿದ್ದರು, 2026ಕ್ಕೂ ಬಿಡುವು ಘೋಷಿಸಿದ್ದರು. ಹಾಗಾಗಿ 'ಮುಂದಿನ ವರ್ಷ ಹೋದರಾಯಿತು ಬಿಡಿ' ಅಂತ ಆಫೀಸಿನಲ್ಲಿ ಯಾರಾದರೂ ಅಂದರೆ ಈ ಮಾತು ಹೇಳಬಹುದು. ಅಲ್ಲಿನ ಟಿಕೆಟ್ ಫೋಟೋ ಕೊಟ್ಟು ನೋಂದಾಯಿಸಿಕೊಂಡವರ ಹೆಸರಿಗೇ ಇರುತ್ತದೆ, ಗೆಳೆಯರಿಗೆ ಕೊಡೋಕಾಗಲ್ಲ. ಟಿಕೆಟ್ ಮಾರಾಟಕ್ಕೆ ಬರುವುದು ತಿಂಗಳುಗಟ್ಟಲೆ ಮೊದಲೇ. ಅಷ್ಟು ಮುಂಚೆ ಟಿಕೆಟ್ ಕೈಗೆ ಬಂದ ಮೇಲೆ ರಜೆ ಕೇಳೋಕೆ ತಡಮಾಡಿದರೆ ತಪ್ಪು ನಮ್ಮದೇ.

ಪುಣೆಯ ಸವಾಯಿ ಗಂಧರ್ವ ಉತ್ಸವದ ವಿಷಯ ಹೇಳದಿದ್ದರೆ ಮನಸ್ಸಿಗೆ ಸಮಾಧಾನ ಇಲ್ಲ. ಭೀಮಸೇನ ಜೋಶಿಯವರು ತಮ್ಮ ಗುರುಗಳ ನೆನಪಿಗೆ 1953ರಲ್ಲಿ ಶುರು ಮಾಡಿದ್ದು. ಹಿಂದೆ ರಾತ್ರಿಯಿಡೀ ನಡೆಯುತ್ತಿತ್ತು. ಧ್ವನಿವರ್ಧಕದ ನಿಯಮ ಬಂದ ಮೇಲೆ ಮಧ್ಯಾಹ್ನ ಶುರುವಾಗಿ ರಾತ್ರಿ ಮುಗಿಯುತ್ತದೆ. ಹಗಲಿನ ರಾಗಗಳನ್ನು ಅದರ ಹೊತ್ತಿಗೇ ಕೇಳಬೇಕು ಅಂದರೆ 'ಸಂಜೆ ಕೆಲಸ ಮುಗಿಸಿ ಹೋಗಿ' ಅನ್ನುವ ಮಾತು ನಡೆಯಲ್ಲ. ಅರ್ಧ ದಿನದ ರಜೆ ಕೇಳಿ. ಹತ್ತಿರದಲ್ಲೇ ಇರುವವರಿಗೆ ನಾಲ್ಕು ಅರ್ಧ ದಿನ ಸಾಕು, ಅಂದರೆ ಲೆಕ್ಕದಲ್ಲಿ ಎರಡೇ ರಜೆ.

ಕಾಲ್ ಸೆಂಟರ್‌ನಲ್ಲಿ ಕೆಲಸ

ಸೋಮವಾರದ ರಜೆ ಮಾತ್ರ ಬಿಟ್ಟುಕೊಡಬೇಡಿ. ದೊಡ್ಡ ಸ್ಪೀಕರ್ ಪಕ್ಕ ಮೂರು ದಿನ ನಿಂತು ಮರುದಿನ ಹೆಡ್‌ಫೋನ್ ಹಾಕಿದೆ. ಕಿವಿಯಲ್ಲಿ ಗುಂಯ್ ಅನ್ನುವುದು ಬಿಟ್ಟು ಗ್ರಾಹಕರ ಮಾತು ಕೇಳಿಸಲಿಲ್ಲ. ಭಯವಾಯಿತು. ಆಮೇಲೆ ಓದಿದೆ. ಕೆಲಸದ ಜಾಗದ ಸುರಕ್ಷತೆ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ಎನ್‌ಐಒಎಸ್‌ಎಚ್ ಸಂಸ್ಥೆಯ ಪ್ರಕಾರ 85 ಡೆಸಿಬೆಲ್ ಸದ್ದಿಗೆ ದಿನಕ್ಕೆ 8 ಗಂಟೆ ಮಿತಿ. 3 ಡೆಸಿಬೆಲ್ ಏರಿದಂತೆಲ್ಲ ಸಮಯ ಅರ್ಧ. 100 ಡೆಸಿಬೆಲ್‌ಗೆ ಬರೀ 15 ನಿಮಿಷ. ಈಗ ಇಯರ್‌ಪ್ಲಗ್ ಇಲ್ಲದೆ ಹೋಗುವುದಿಲ್ಲ. ಒಂದು ದಿನದ ಕಾರ್ಯಕ್ರಮ ಬಿಟ್ಟರೂ ಸರಿ, ಬಂದ ಮೇಲೆ ಒಂದು ದಿನ ಮಲಗಬೇಕು.

ಶಾಲೆಯಲ್ಲಿ ಪಾಠ ಮಾಡುವವರು

ನಮಗೆ ಪರೀಕ್ಷೆ ಹೊತ್ತಿಗೆ ಕೇಳುವ ಪ್ರಶ್ನೆಯೇ ಇಲ್ಲ. ಕೇಳಬಾರದು ಕೂಡ, ಮಕ್ಕಳು ಕಾಯುತ್ತಿರುತ್ತಾರೆ. ಶಾಲೆಯ ರಜಾದಿನಕ್ಕೆ ಸರಿಯಾಗಿ ಬರುವ ಉತ್ಸವಗಳಿಗೇ ನಾನು ಹೋಗುವುದು. ಆರಾಧನೆಗೆ ಇಪ್ಪತ್ತು ವರ್ಷದಿಂದ ಹೋಗೋಕಾಗಿಲ್ಲ. ಪಂಚರತ್ನವನ್ನು ಆಕಾಶವಾಣಿ, ದೂರದರ್ಶನದಲ್ಲಿ ನೇರ ಪ್ರಸಾರ ಮಾಡುತ್ತಾರೆ. ಭಾನುವಾರ ಬಂದರೆ ಮನೆಯಲ್ಲಿ ಕೂತು ಜೊತೆಗೆ ಹಾಡುತ್ತೇನೆ. ನಿವೃತ್ತಿಗೆ ಇನ್ನು ಮೂರು ವರ್ಷ. ನಿಮಗೆ ಕೇಳುವ ಅವಕಾಶ ಇದೆ. ದಯವಿಟ್ಟು ಕೇಳಿ.

ರಜೆ ಮಂಜೂರು ಮಾಡುವವರ ಕಡೆಯಿಂದ

ನನ್ನ ಕೈಕೆಳಗೆ ಹದಿನಾಲ್ಕು ಜನ ಇದ್ದಾರೆ. ಕಾರಣ ಏನು ಅಂತ ನಾನು ಯಾವತ್ತೂ ತೂಗಿಲ್ಲ. ನಾನು ನೋಡುವುದು, ಆ ವಾರ ಇನ್ಯಾರು ಇಲ್ಲ, ಯಾವ ಕೆಲಸ ನಿಲ್ಲುತ್ತದೆ. ಒಂದೇ ವಾರಕ್ಕೆ ಇಬ್ಬರು ಕೇಳಿದರೆ ಮೊದಲು ಕೇಳಿದವರಿಗೆ ಕೊಡುತ್ತೇನೆ. ಹತ್ತು ವಾರ ಇದೆ ಅಂದಿರಿ, ಇನ್ನೂ ಯಾಕೆ ಕೇಳಿಲ್ಲ?

ಒಂದು ಕೋರಿಕೆ. ಒಪ್ಪಿಗೆ ಸಿಕ್ಕ ಮೇಲೆ ಹೊರಡುವ ವಾರದಲ್ಲಿ ಇನ್ನೊಮ್ಮೆ ನೆನಪಿಸಿ. ಹತ್ತು ವಾರದ ಹಿಂದೆ ಹೂಂ ಅಂದಿದ್ದು ನಮಗೂ ಮರೆತಿರುತ್ತದೆ. 'ಫೋನಿನಲ್ಲಿ ಸಿಗುತ್ತೇನೆ' ಅಂತ ಮಾತು ಕೊಡಬೇಡಿ. ಅಷ್ಟು ಜನ ಸೇರಿದ ಕಡೆ ನೆಟ್‌ವರ್ಕ್ ಸಿಗುವುದು ಕಷ್ಟ. ಸಿಗದಿದ್ದರೆ ಎರಡೂ ಕಡೆ ಬೇಸರ.

ನಮ್ಮ ಟೀಮಿನ ಒಬ್ಬರು ಉತ್ಸವದಿಂದ ಬಂದ ದಿನ ಕೇಳಿದ್ದನ್ನೆಲ್ಲ ವಿವರಿಸಿದರು. ಅವರು ಅಷ್ಟು ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಮುಂದಿನ ವರ್ಷ ಅವರ ತಾರೀಖನ್ನು ನಾನೇ ಮೊದಲು ಗುರುತು ಹಾಕಿಕೊಂಡೆ.

ಪ್ರಶ್ನೆ ಕೇಳಿದವರು ಮತ್ತೆ

ಎಲ್ಲರಿಗೂ ಧನ್ಯವಾದ. ಮದುವೆಯ ನೆಪ ಬಿಟ್ಟೆ. ನೇಮಕಾತಿ ಪತ್ರ ತೆಗೆದು ನೋಡಿದೆ, ಪ್ರೊಬೇಷನ್ ಆರು ತಿಂಗಳಿಗೇ ಮುಗಿದಿದೆ. ನಿನ್ನೆ ಮಧ್ಯಾಹ್ನ ಮ್ಯಾನೇಜರ್ ಹತ್ತಿರ ಹೋಗಿ ಸಂಗೀತೋತ್ಸವ ಅಂತಲೇ ಹೇಳಿದೆ. ಯಾರು ಯಾರು ಹಾಡುತ್ತಾರೆ ಅಂತ ಕೇಳಿದರು. ಹೇಳಿದೆ. ಆಮೇಲೆ, ಶುಕ್ರವಾರದ ವರದಿ ಯಾರು ಕಳಿಸುತ್ತಾರೆ ಅಂದರು. ಪಕ್ಕದ ಸೀಟಿನವರು ಬೆಳಗ್ಗೆಯೇ ಒಪ್ಪಿದ್ದರು, ಅದನ್ನೂ ಹೇಳಿದೆ.

ಬುಧ, ಗುರು, ಶುಕ್ರ ಸಿಕ್ಕಿತು. ಸೋಮವಾರ ಅರ್ಧ ದಿನ ಮಾತ್ರ, ಮಧ್ಯಾಹ್ನ ಎರಡಕ್ಕೆ ಒಂದು ಮೀಟಿಂಗ್ ಇದೆಯಂತೆ. ಭಾನುವಾರ ರಾತ್ರಿಯ ಕೊನೆಯ ಕಾರ್ಯಕ್ರಮ ಪೂರ್ತಿ ಕೇಳಿದರೆ ರೈಲು ತಪ್ಪುತ್ತದೆ. ಬೆಳಗಿನ ಜಾವ ನಾಲ್ಕೂವರೆಗೆ ಇನ್ನೊಂದು ರೈಲಿದೆ. ಮಲಗುವ ಸೀಟು ಸಿಗಲಿಲ್ಲ, ಕೂತು ಬರುತ್ತೇನೆ. ಇಯರ್‌ಪ್ಲಗ್ ತೆಗೆದುಕೊಂಡೆ.