ಯಂತ್ರಗಳ ಗಂಟೆ ಲೆಕ್ಕ ತರುವ ಟೂಲ್‌ಗೆ ಡಾಕ್ಯುಮೆಂಟ್ ಬರೆಯೋದು ಹೇಗೆ?

ಪ್ರಶ್ನೆ: ನಮಸ್ಕಾರ ಸರ್. ಹುಬ್ಬಳ್ಳಿ ಹತ್ತಿರ ಯಂತ್ರಗಳನ್ನು ಬಾಡಿಗೆಗೆ ಕೊಡುವ ಚಿಕ್ಕ ಕಂಪನಿಯಲ್ಲಿ ನಾನೊಬ್ಬನೇ ಪ್ರೋಗ್ರಾಮರ್. ಎರಡು ಜೆಸಿಬಿ, ಮೂರು ಇಟಾಚಿ, ಒಂದು ರೋಲರ್ ಇವೆ. (ಇಟಾಚಿಯಲ್ಲಿ ಎರಡು ನಿಜಕ್ಕೂ ಕೊಮಾಟ್ಸು ಕಂಪನಿಯವು, ಆದರೆ ಸೈಟ್‌ನಲ್ಲಿ ಎಲ್ಲವೂ ಇಟಾಚಿಯೇ.) ಯಂತ್ರಗಳು ಡೇಟಾ ಕಳಿಸುವ ತಯಾರಕರ ಸರ್ವರ್‌ಗಳಿಂದ ದಿನಾ ರಾತ್ರಿ ಗಂಟೆ, ಡೀಸೆಲ್, ಲೊಕೇಶನ್ ಎಳೆದು ಒಂದು ಸಿಎಸ್‌ವಿ ಫೈಲ್ (ಎಕ್ಸೆಲ್‌ನಲ್ಲಿ ತೆರೆಯಬಹುದಾದ ಕಾಲಂಗಳ ಪಟ್ಟಿ) ಮಾಡುವ ಟೂಲ್ ಬರೆದಿದ್ದೇನೆ. "ನೀನು ರಜೆ ಹೋದರೂ ಕೆಲಸ ನಿಲ್ಲಬಾರದು, ಬರೆದಿಡು" ಅಂದರು ಮಾಲೀಕರು. ಕೋಡ್‌ನ ಪ್ರತಿ ಫಂಕ್ಷನ್ ಬಗ್ಗೆಯೂ ವಿವರಿಸಿ 14 ಪುಟ ಬರೆದೆ. ಅಕೌಂಟ್ಸ್ ಮೇಡಂ ಅದನ್ನು ತಿರುವಿ ಹಾಕಿ, "ಇದರಲ್ಲಿ ಬಿಲ್‌ಗೆ ಯಾವ ಕಾಲಂ ತಗೋಬೇಕಪ್ಪಾ?" ಅಂತ ಕೇಳಿದರು. ಎಲ್ಲಿ ಎಡವಿದೆ?

ಉತ್ತರ: ಮೇಡಂ ಕೇಳಿದ ಪ್ರಶ್ನೆಯನ್ನೇ ಮೊದಲ ಪುಟದ ತಲೆಬರಹ ಮಾಡಿ. 14 ಪುಟ ಹಾಳಾಗಲಿಲ್ಲ, ಹಿಂದಕ್ಕೆ ಹಾಕಿ. ಅದು ಮುಂದೆ ಬರುವ ಪ್ರೋಗ್ರಾಮರ್‌ಗೆ.

ಇಂಥ ಟೂಲ್‌ನಲ್ಲಿ ಕೋಡ್ ಸುಲಭ, ಅಂಕಿಯ ಅರ್ಥವೇ ಕಷ್ಟ. "ಗಂಟೆ" ಅಂದರೆ ಯಾವ ಗಂಟೆ? ಇಂಜಿನ್ ಓಡಿದ ಒಟ್ಟು ಗಂಟೆಯೇ, ಬಕೆಟ್ ಕೆಲಸ ಮಾಡಿದ ಗಂಟೆಯೇ? ಬೇರೆ ಬೇರೆ ತಯಾರಕರ ಯಂತ್ರಗಳ ಡೇಟಾ ಒಂದೇ ರೂಪದಲ್ಲಿ ಸಿಗಲಿ ಅಂತ ಐಎಸ್‌ಒ 15143-3 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. 2016ರಲ್ಲಿ ಬಂತು, 2020ರಲ್ಲಿ ತಿದ್ದಿದರು. ಅದರಲ್ಲಿ ಒಟ್ಟು ಓಡಿದ ಗಂಟೆ ಬೇರೆ, ಸುಮ್ನೆ ಆನ್ ಇದ್ದ ಐಡಲ್ ಗಂಟೆ ಬೇರೆ. ಎರಡೂ ಯಂತ್ರ ಹುಟ್ಟಿದಾಗಿನಿಂದ ಕೂಡುತ್ತಾ ಬಂದ ಮೊತ್ತ, ದಿನದ ಲೆಕ್ಕವಲ್ಲ. ದಿನದ್ದು ಬೇಕಾದರೆ ಕಳೆಯಬೇಕು.

ಇದನ್ನು ಮಾತಲ್ಲಿ ಹೇಳಿದರೆ ಯಾರಿಗೂ ತಲೆಗೆ ಹೋಗಲ್ಲ. ಲೆಕ್ಕ ಬಿಡಿಸಿ ತೋರಿಸಿ. ಬೆಳಿಗ್ಗೆ ಮೀಟರ್ 4812.6, ಸಂಜೆ 4821.9. ಓಡಿದ್ದು 9.3. ಐಡಲ್ 611.0 ಇದ್ದದ್ದು 613.4 ಆಯಿತು, ಅಂದರೆ 2.4. ಕೆಲಸ ಮಾಡಿದ್ದು 6.9 ಗಂಟೆ. ಬಾಡಿಗೆ ಒಪ್ಪಂದ ಯಾವುದರ ಮೇಲೆ ಅನ್ನುವುದನ್ನು ಮಾಲೀಕರನ್ನೇ ಕೇಳಿ ಬರೆಯಿರಿ. ಅದನ್ನು ಪ್ರೋಗ್ರಾಮರ್ ತೀರ್ಮಾನಿಸಬಾರದು.

ಇನ್ನೊಂದು, 9.3 ಅಂದರೆ 9 ಗಂಟೆ 30 ನಿಮಿಷ ಅಲ್ಲ, 9 ಗಂಟೆ 18 ನಿಮಿಷ. ನಗಬೇಡಿ. ಹಿಂದೆ ನಾನಿದ್ದ ಕಡೆ ಈ ಒಂದು ಸಾಲು ಬರೆಯೋದನ್ನು ಮರೆತಿದ್ದೆ. ಎರಡು ತಿಂಗಳ ಬಿಲ್ ವಾಪಸ್ ಬಂತು. ಬೈಸಿಕೊಂಡಿದ್ದು ನಾನಲ್ಲ, ಪಾಪ, ಬಿಲ್ ಮಾಡಿದ ಹುಡುಗ.

ಸಮಯದ ಬಗ್ಗೆಯೂ ಒಂದು ಪ್ಯಾರಾ ಬೇಕು. ಸರ್ವರ್ ಕೊಡುವ ಸಮಯ ಸಾಮಾನ್ಯವಾಗಿ ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಸಮಯ, ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ. ಅವರ "ದಿನ" ಶುರುವಾಗುವುದು ನಮ್ಮ ಬೆಳಿಗ್ಗೆ 5.30ಕ್ಕೆ. ರಾತ್ರಿ 8ರಿಂದ ಬೆಳಿಗ್ಗೆ 6ರವರೆಗಿನ ಪಾಳಿಯಾದರೆ ಕೊನೆಯ ಅರ್ಧ ಗಂಟೆ ಮರುದಿನದ ಲೆಕ್ಕಕ್ಕೆ ಜಾರುತ್ತದೆ. ಟೂಲ್ ಅದನ್ನು ನಮ್ಮ ಸಮಯಕ್ಕೆ ಬದಲಾಯಿಸುತ್ತದೋ ಇಲ್ಲವೋ, ಸ್ಪಷ್ಟವಾಗಿ ಹೇಳಿ.

ಸೈಟ್ ಸೂಪರ್‌ವೈಸರ್ ಒಬ್ಬರು: ಮಧ್ಯೆ ಬಾಯಿ ಹಾಕ್ತಿದ್ದೇನೆ, ಕ್ಷಮಿಸಿ ಸರ್. ನಮ್ಮದು ಕಲ್ಲು ಕ್ವಾರಿ, ತಗ್ಗಿನಲ್ಲಿ ನೆಟ್‌ವರ್ಕೇ ಇರಲ್ಲ. ಆಪರೇಟರ್ ದಿನವಿಡೀ ಓಡಿಸಿರುತ್ತಾನೆ, ಆಫೀಸಿನ ಶೀಟ್‌ನಲ್ಲಿ ಸೊನ್ನೆ. ಅವನ ಮೇಲೇ ಅನುಮಾನ.

ಉತ್ತರ: ಒಳ್ಳೆಯದಾಯಿತು ಹೇಳಿದ್ದು. ಸಿಗ್ನಲ್ ಇಲ್ಲದಾಗ ಯಂತ್ರದಲ್ಲಿರುವ, ಸರ್ವರ್‌ಗೆ ಕಳಿಸುವ ಬಾಕ್ಸ್ ಡೇಟಾ ಇಟ್ಟುಕೊಂಡು, ಸಿಕ್ಕಾಗ ಕಳಿಸಬಹುದು. ಹಾಗಾಗಿ ನಿನ್ನೆಯ ಅಂಕಿ ನಾಳೆ ಬದಲಾಗಬಹುದು. "ಡೇಟಾ ಬಂದಿಲ್ಲ" ಮತ್ತು "ಓಡಿಲ್ಲ" ಎರಡೂ ಒಂದೇ ಅಲ್ಲ. ಬಂದಿಲ್ಲದಿದ್ದರೆ ಟೂಲ್ ಸೊನ್ನೆ ಹಾಕಬಾರದು, ಖಾಲಿ ಬಿಡಬೇಕು. ಇದು ಡಾಕ್ಯುಮೆಂಟ್‌ನಲ್ಲಿ ಬರೆದು ಸರಿಮಾಡುವ ವಿಷಯವಲ್ಲ, ಟೂಲನ್ನೇ ತಿದ್ದಬೇಕು. ಬರೆಯಲು ಕೂತಾಗಲೇ ಇಂಥ ತೂತುಗಳು ಕಾಣುವುದು.

ಹುಬ್ಬಳ್ಳಿ ತಮ್ಮಾ, ದಿನಾ ರಾತ್ರಿ ಹಿಂದಿನ ಒಂದು ದಿನದ್ದಷ್ಟೇ ಅಲ್ಲ, ನಾಲ್ಕೈದು ದಿನದ್ದು ಮತ್ತೆ ಎಳೆಯುವಂತೆ ಮಾಡಿ. ಹಾಗೆ ಮಾಡುತ್ತಿರುವುದು ಏಕೆ ಅಂತಲೂ ಬರೆಯಿರಿ. ಇಲ್ಲದಿದ್ದರೆ ಮುಂದಿನವನು "ಇದೇನು ದಂಡ" ಅಂತ ತೆಗೆದು ಹಾಕುತ್ತಾನೆ. ಮೀಟರ್ ಅಥವಾ ಬಾಕ್ಸ್ ಬದಲಾಯಿಸಿದಾಗ ಲೆಕ್ಕ ಮೈನಸ್ ಬರಬಹುದು. ಆಗ ಯಾರಿಗೆ ಫೋನ್ ಮಾಡಬೇಕು ಅನ್ನುವುದನ್ನೂ ಸೇರಿಸಿ.

ಪ್ರಶ್ನೆ: ಎರರ್‌ಗಳನ್ನೆಲ್ಲ ಪಟ್ಟಿ ಮಾಡಬೇಕಾ ಸರ್? ಕನ್ನಡದಲ್ಲಿ ಬರೆಯಲಾ, ಇಂಗ್ಲಿಷ್‌ನಲ್ಲಾ?

ಉತ್ತರ: ಎಲ್ಲ ಬೇಡ. ಸರ್ವರ್‌ನಿಂದ 401 ಎಂಬ ಎರರ್ ಬಂದರೆ ಲಾಗಿನ್ ಟೋಕನ್‌ನ (ಪಾಸ್‌ವರ್ಡ್ ಬದಲು ಟೂಲ್ ತೋರಿಸುವ ಕೀಲಿ) ಅವಧಿ ಮುಗಿದಿರಬಹುದು, ಹೊಸದು ಪಡೆಯಿರಿ. 429 ಬಂದರೆ ಜಾಸ್ತಿ ಸಲ ಕೇಳಿದ್ದೀರಿ, ಸ್ವಲ್ಪ ಕಾಯಿರಿ. ನಿಮ್ಮಲ್ಲಿ ನಿಜವಾಗಿ ಬಂದಿರುವುದನ್ನು ಮಾತ್ರ ಬರೆಯಿರಿ. ಪಾಸ್‌ವರ್ಡ್ ಎಲ್ಲಿ ಇಟ್ಟಿದೆ ಅಂತ ಹೇಳಿ, ಪಾಸ್‌ವರ್ಡನ್ನೇ ಬರೆಯಬೇಡಿ. ಮಾದರಿ ಫೈಲ್ ಹಾಕುವಾಗ ಸೀರಿಯಲ್ ನಂಬರ್, ಸೈಟ್‌ನ ಲೊಕೇಶನ್ ಬದಲಿಸಿ. ಯಂತ್ರ ರಾತ್ರಿ ಎಲ್ಲಿ ನಿಂತಿರುತ್ತದೆ ಅನ್ನುವುದು ಡೀಸೆಲ್ ಕಳ್ಳರಿಗೆ ಬೇಕಾದ ಮಾಹಿತಿ!

ಭಾಷೆ: ಮೊದಲ ಪುಟ ಕನ್ನಡದಲ್ಲೇ ಇರಲಿ, ಓದುವವರು ಕನ್ನಡದವರು ಅಲ್ವಾ. ಕಾಲಂ ಹೆಸರು, ಕಮಾಂಡ್ ಮಾತ್ರ ಫೈಲ್‌ನಲ್ಲಿ ಇರುವಂತೆಯೇ ಇಡಿ, ಅನುವಾದ ಮಾಡಬೇಡಿ. ಮಾಡಿದರೆ ಹುಡುಕಲು ಆಗಲ್ಲ. ಬರೆದ ಮೇಲೆ ಮೇಡಂ ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಕೂತುಕೊಳ್ಳಿ, ಅವರೇ ಟೂಲ್ ನಡೆಸಲಿ. ನಿಮಗೆ ಬಾಯಿ ಬಿಡಬೇಕು ಅನ್ನಿಸಿದ ಜಾಗದಲ್ಲೆಲ್ಲ ಒಂದು ಸಾಲು ಸೇರಿಸಿ.

ಪ್ರಶ್ನೆ ಕೇಳಿದವರು, ನಾಲ್ಕು ದಿನದ ನಂತರ: ಕೂತೆ ಸರ್. ಏಳು ಸಲ ಬಾಯಿ ಬಿಟ್ಟೆ. ಅದರಲ್ಲಿ ಮೂರು ಸಲ ಫೈಲ್ ಯಾವ ಫೋಲ್ಡರ್‌ನಲ್ಲಿದೆ ಅಂತ ಹೇಳಲಿಕ್ಕೆ. 14 ಪುಟದಲ್ಲಿ ಅದನ್ನು ಎಲ್ಲೂ ಬರೆದಿರಲಿಲ್ಲ.