ಕಾಗ್ನಿಟಿವ್ ರೇಡಿಯೋ: ಮಾರುಕಟ್ಟೆ ಎಲ್ಲಿದೆ, ಏನು ಕಲಿಯಬೇಕು?

ಪ್ರಶ್ನೆ: ಸರ್, ನಾನು ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್ ಕೊನೆ ವರ್ಷದಲ್ಲಿದ್ದೇನೆ. ಕಾಗ್ನಿಟಿವ್ ರೇಡಿಯೋ ಮಾರುಕಟ್ಟೆ ಬೆಳೆಯುತ್ತಿದೆ ಅಂತ ಎಲ್ಲ ಕಡೆ ಓದುತ್ತೇನೆ. ಆದರೆ ಆ ಹೆಸರಿನ ಒಂದು ಸಾಧನವೂ ಕಣ್ಣಿಗೆ ಬಿದ್ದಿಲ್ಲ. ಹಾಗಾದರೆ ಬೆಳೆಯುತ್ತಿರುವುದು ಏನು? ಪ್ರಾಜೆಕ್ಟ್‌ಗೆ ಇದನ್ನು ತೆಗೆದುಕೊಳ್ಳಬಹುದಾ?

ಉತ್ತರ: ಧೈರ್ಯವಾಗಿ ತೆಗೆದುಕೊಳ್ಳಿ. ಆದರೆ ಆ ಹೆಸರು ಬರೆದ ಡಬ್ಬ ಹುಡುಕಬೇಡಿ, ಸಿಗುವುದಿಲ್ಲ. ಕೆಲಸ ನಡೆಯುತ್ತಿರುವುದು ಬೇರೆ ಹೆಸರುಗಳಲ್ಲಿ.

1999ರಲ್ಲಿ ಅಮೆರಿಕದ ಸಂಶೋಧಕ ಜೋಸೆಫ್ ಮಿಟೋಲಾ ಕಾಗ್ನಿಟಿವ್ ರೇಡಿಯೋ ಅನ್ನುವ ಹೆಸರನ್ನು ಮುಂದಿಟ್ಟರು. ಅದರ ಹಿಂದಿನ ಯೋಚನೆ ಇಷ್ಟು. ಲೈಸೆನ್ಸ್ ಕೊಟ್ಟ ತರಂಗಾಂತರಗಳಲ್ಲಿ ಎಷ್ಟೋ ಭಾಗ ಎಷ್ಟೋ ಹೊತ್ತು ಖಾಲಿ ಬಿದ್ದಿರುತ್ತವೆ. ರೇಡಿಯೋ ತಾನೇ ಕಿವಿಗೊಟ್ಟು ಖಾಲಿ ಜಾಗ ಹುಡುಕಬೇಕು, ಹಕ್ಕುದಾರ ಬಂದ ಕೂಡಲೇ ಎದ್ದು ಹೋಗಬೇಕು. ಈ ವಿಷಯದಲ್ಲಿ ಎಲ್ಲರೂ ಹಿಡಿದಿರುವ ಎಳೆ ಇದೇ.

ಇದರ ಚಿಕ್ಕ ರೂಪ ನಿಮ್ಮ ವೈಫೈ ರೂಟರಿನಲ್ಲೇ ಇರಬಹುದು. 5 ಗಿಗಾಹರ್ಟ್ಸ್‌ನಲ್ಲಿ ಚಾನೆಲ್ 100 ಆಯ್ದು ರೀಸ್ಟಾರ್ಟ್ ಮಾಡಿ ನೋಡಿ. ಸುಮಾರು ಒಂದು ನಿಮಿಷ ನಿಮ್ಮ ವೈಫೈ ಹೆಸರೇ ಕಾಣುವುದಿಲ್ಲ. ರೂಟರ್ ಕೆಟ್ಟಿಲ್ಲ, ಆ ಚಾನೆಲ್‌ನಲ್ಲಿ ಮೊದಲ ಹಕ್ಕಿರುವ ರೇಡಾರ್ ಇದೆಯಾ ಅಂತ ಕಿವಿಗೊಟ್ಟು ಕೇಳುತ್ತಿದೆ. ಆಮೇಲೆ ರೇಡಾರ್ ಸಿಕ್ಕರೂ 10 ಸೆಕೆಂಡಿನೊಳಗೆ ಚಾನೆಲ್ ಬಿಡಬೇಕು, 30 ನಿಮಿಷ ಅತ್ತ ಸುಳಿಯಬಾರದು.

ಪ್ರಶ್ನೆ: ಟಿವಿ ಚಾನೆಲ್‌ಗಳ ನಡುವಿನ ಖಾಲಿ ಜಾಗಕ್ಕೆ 802.22 ಅಂತ ಮಾನದಂಡ ಬಂದಿತ್ತಲ್ವಾ ಸರ್? ಅದು ಯಾಕೆ ಓಡಲಿಲ್ಲ?

ಉತ್ತರ: 2011ರಲ್ಲಿ ಬಂತು. ಹಿಂದೆ ಬೀಳಲು ಕಾರಣ ಹಲವು, ಆದರೆ ನನ್ನ ಮಟ್ಟಿಗೆ ಕಲಿಯಬೇಕಾದ ಪಾಠ ಒಂದೇ. ಕೇಳಿಸಲಿಲ್ಲ ಅಂದ ಮಾತ್ರಕ್ಕೆ ಅಲ್ಲಿ ಯಾರೂ ಇಲ್ಲ ಅಂತ ಅಲ್ಲ. ಗುಡ್ಡದ ಆಚೆ ಟಿವಿ ಟವರ್ ಇದೆ ಅಂದುಕೊಳ್ಳಿ. ಕಟ್ಟಡದ ಮರೆಯಲ್ಲಿರುವ ನಿಮ್ಮ ರೇಡಿಯೋಗೆ ಅದು ಕೇಳಿಸಲ್ಲ. ಖಾಲಿ ಅಂತ ಪ್ರಸಾರ ಶುರು ಮಾಡುತ್ತದೆ. ಪಕ್ಕದ ಮನೆಯ ಛಾವಣಿ ಮೇಲಿನ ಆಂಟೆನಾಗೆ ಟವರ್ ಸಿಗುತ್ತಿತ್ತು, ಈಗ ಅವರ ಟಿವಿ ಹಾಳು.

ಅದಕ್ಕೇ ಬುದ್ಧಿವಂತಿಕೆ ರೇಡಿಯೋದಿಂದ ಸರ್ವರ್‌ಗೆ ಸರಿಯಿತು. ಅಮೆರಿಕದ ಸಿಬಿಆರ್‌ಎಸ್ ನೋಡಿ, ಒಂದೇ ತರಂಗಾಂತರವನ್ನು ಹಲವರು ಹಂಚಿಕೊಳ್ಳುವ ವ್ಯವಸ್ಥೆ ಅದು. 3550ರಿಂದ 3700 ಮೆಗಾಹರ್ಟ್ಸ್. ಮೊದಲ ಹಕ್ಕು ನೌಕಾಪಡೆಯ ರೇಡಾರಿಗೆ. ಕರಾವಳಿಯ ಸೆನ್ಸರ್‌ಗಳು ಅದನ್ನು ಪತ್ತೆ ಹಚ್ಚುತ್ತವೆ, ಒಂದು ಕೇಂದ್ರ ಸಾಫ್ಟ್‌ವೇರ್ ಉಳಿದವರಿಗೆ ಜಾಗ ಬಿಡಲು ಹೇಳುತ್ತದೆ. ಈ ಹಂಚಿಕೊಂಡ ಜಾಗದ ಆದ್ಯತೆ ಲೈಸೆನ್ಸ್‌ಗಳಿಗೇ 2020ರ ಹರಾಜಿನಲ್ಲಿ ಸುಮಾರು 458 ಕೋಟಿ ಡಾಲರ್ ಬಂತು. ಮಾರುಕಟ್ಟೆ ಅಂದರೆ ಇದು: ಕಾರ್ಖಾನೆ, ಬಂದರುಗಳ ಖಾಸಗಿ 5ಜಿ, ಹಂಚಿಕೆ ಸಾಫ್ಟ್‌ವೇರ್, ಸೆನ್ಸರ್. 2024ರಲ್ಲಿ ಅಲ್ಲಿ 6 ಗಿಗಾಹರ್ಟ್ಸ್ ವೈಫೈಗೂ ಇಂಥ ಹಂಚಿಕೆ ವ್ಯವಸ್ಥೆಗಳಿಗೆ ಒಪ್ಪಿಗೆ ಸಿಕ್ಕಿತು. ರಕ್ಷಣಾ ಕ್ಷೇತ್ರವಂತೂ ಇದ್ದೇ ಇದೆ.

ಪ್ರಶ್ನೆ: ಹಾಗಾದರೆ ಸಿಗ್ನಲ್ ಪತ್ತೆ ಮಾಡುವುದನ್ನು ಕಲಿಯುವುದು ವ್ಯರ್ಥವಾ?

ಉತ್ತರ: ಖಂಡಿತ ಅಲ್ಲ. ಆ ಕರಾವಳಿ ಸೆನ್ಸರ್ ಒಳಗಿರುವುದು ಅದೇ ವಿದ್ಯೆ. ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ (ಯುಎಸ್‌ಬಿಗೆ ಚುಚ್ಚುವ ಚಿಕ್ಕ ರೇಡಿಯೋ ರಿಸೀವರ್) ಮತ್ತು ಗ್ನೂ ರೇಡಿಯೋ ಎಂಬ ಸಿಗ್ನಲ್ ಸಾಫ್ಟ್‌ವೇರ್ ಸಾಕು. 433 ಮೆಗಾಹರ್ಟ್ಸ್ ಸುತ್ತ ರಿಮೋಟ್ ಒತ್ತಿದಾಗ ವಾಟರ್‌ಫಾಲ್‌ನಲ್ಲಿ (ಯಾವ ತರಂಗಾಂತರದಲ್ಲಿ ಯಾವಾಗ ಸಿಗ್ನಲ್ ಬಂತು ಅಂತ ತೋರಿಸುವ ಚಿತ್ರ) ಬರುವ ಚಿಕ್ಕ ಗೆರೆಗಳನ್ನು ಹಿಡಿಯಲು ಪ್ರಯತ್ನಿಸಿ. ಶಕ್ತಿ ಇಷ್ಟು ದಾಟಿದರೆ ಸಿಗ್ನಲ್ ಅನ್ನುವ ಮಿತಿ ಇಡುವುದು ಸುಲಭ ಅನ್ನಿಸುತ್ತೆ. ಹೊಸಬರು ಎಡವುವುದು ಅಲ್ಲೇ. ಡಾಂಗಲ್ ಬಿಸಿಯಾದರೆ ನಾಯ್ಸ್ (ಸಿಗ್ನಲ್ ಇಲ್ಲದಾಗಲೂ ಇರುವ ಗದ್ದಲ) ಮಟ್ಟ ಬದಲಾಗಬಹುದು, ಪಕ್ಕದಲ್ಲಿ ಚಾರ್ಜರ್ ಹಾಕಿದರೂ ಏರಬಹುದು. ಬೆಳಿಗ್ಗೆ ಸರಿಯಾಗಿದ್ದ ಮಿತಿ ರಾತ್ರಿ ಸುಮ್ನೆ ಸುಳ್ಳು ಪತ್ತೆ ಕೊಡುತ್ತದೆ. ಮಿತಿ ತಾನಾಗಿ ಹೊಂದಿಕೊಳ್ಳುವಂತೆ ಮಾಡಿದರೆ ಅದೇ ಒಳ್ಳೆಯ ಪ್ರಾಜೆಕ್ಟ್.

ಗೇನ್ (ಸಿಗ್ನಲ್ ಎಷ್ಟು ಹಿಗ್ಗಿಸಬೇಕು ಅನ್ನುವ ಸೆಟ್ಟಿಂಗ್) ಮಾತ್ರ ಆಟೋದಲ್ಲಿ ಬಿಡಬೇಡಿ, ಅಳತೆ ಎಲ್ಲ ಕೆಡುತ್ತದೆ. ಬೆಳಿಗ್ಗೆ, ರಾತ್ರಿ ಎರಡೂ ಗ್ರಾಫ್ ಇಲ್ಲೇ ಹಾಕಿ, ನೋಡೋಣ.